ಹನ್ನೊಂದು ಸೆಕೆಂಡಿನ ಜಹೀರುನ್ನೀಸಾ

ಡೈರಿಯಲ್ಲಿ ನಾನು ಯಾವತ್ತೂ ಸುಳ್ಳು ಬರೆದವಳಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆದುಕೊಳ್ಳಲೆಂದೇ ಪಿಯುಸಿಯಿಂದ ಇಟ್ಟುಕೊಂಡು ಬಂದ ಡೈರಿ ಅದು. ಅಲ್ಲೂ ಸುಳ್ಳು ಶುರುವಾದರೆ ನನ್ನ ನಿಜ ಎಲ್ಲಿ ಉಳಿಯುತ್ತದೆ ಎಂಬುದೇ ಈಗ ನನ್ನ ಚಿಂತೆ. ಯಾಕೆಂದರೆ ವಿಜಯದಶಮಿಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಪೂಜೆಯ ನೀರು ತಾಗಿ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಅಪ್ಪ ತುಂಬ ನೊಂದುಕೊಂಡಿದ್ದಾರೆ.’ ಎರಡನೆಯ ವಾಕ್ಯ ಮಾತ್ರ ನಿಜ.

ಡಿಸ್ಕ್ ಅಂದರೆ ಸೋಪಿನ ಪೆಟ್ಟಿಗೆಯಷ್ಟು ಕಪ್ಪು ಡಬ್ಬಿ. ಅದರೊಳಗೆ ಅಪ್ಪನ ಇಪ್ಪತ್ತೆರಡು ವರ್ಷ ಇತ್ತು. ತರೀಕೆರೆಯಲ್ಲಿ ಮದುವೆ ವಿಡಿಯೋ ಅಂದರೆ ಒಂದು ಕಾಲಕ್ಕೆ ಅಪ್ಪನೇ. ವಿಡಿಯೋ ಮಲ್ಲಿಕಾರ್ಜುನಪ್ಪ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಕಡೂರು, ಬೀರೂರು, ಅಜ್ಜಂಪುರ, ಸಖರಾಯಪಟ್ಟಣ ಎಲ್ಲ ಕಡೆಯ ಛತ್ರಗಳಲ್ಲೂ ಹೆಗಲ ಮೇಲೆ ಕ್ಯಾಮೆರಾ ಹೊತ್ತು ನಿಂತವರು. ಯಾರ ಮದುವೆಯಾದರೂ ಅಪ್ಪನ ಕ್ಯಾಸೆಟ್ಟು ಶುರುವಾಗುವುದು ಹೆಬ್ಬೆ ಜಲಪಾತದಿಂದ, ಮುಗಿಯುವುದು ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ. ಗಂಡುಹೆಣ್ಣು ಅಲ್ಲಿಗೆ ಹೋಗಿರದಿದ್ದರೂ ಸರಿ.

ಈಗ ಅಪ್ಪನನ್ನು ಯಾರೂ ಕರೆಯುವುದಿಲ್ಲ. ಬೀರುವಿನಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದೆ. “ಇವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸವ್ವ. ನಿನಗೂ ಒಂದು ಕೆಲಸ, ನನಗೂ ಒಂದು ನೆಮ್ಮದಿ,” ಎಂದರು ಅಪ್ಪ. ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ. ಎರಡು ವರ್ಷ ಸಂತೋಷದಿಂದ ಮಾಡಿದೆ. ಡಿಸ್ಕಿನಲ್ಲಿ ಊರಿಗೊಂದು ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. ಒಂದು ಕ್ಯಾಸೆಟ್ಟು ಪೂರ್ತಿ ಹತ್ತಿತೆಂದು ನೋಡಿದ ಮೇಲೆ ಅದು ಗುಜರಿಗೆ ಹೋಗುತ್ತಿತ್ತು. ಹಾಗೆ ಮುನ್ನೂರ ಹದಿನಾಲ್ಕು ಮದುವೆಗಳು. ಅಪ್ಪನಿಗೆ ಫೋಲ್ಡರ್ ಗೀಲ್ಡರ್ ತಿಳಿಯದು. ಡಿಸ್ಕ್ ಎಷ್ಟು ತುಂಬಿದೆಯೆಂದು ತೋರಿಸುವ ನೀಲಿ ಪಟ್ಟಿಯೊಂದು ಮಾತ್ರ ಗೊತ್ತು. “ಎಷ್ಟಕ್ಕೆ ಬಂತವ್ವ?” ಎಂದು ದಿನಕ್ಕೊಮ್ಮೆ ಬಂದು ಅದನ್ನು ನೋಡಿ ಹೋಗುತ್ತಿದ್ದರು, ಕೆರೆಗೆ ನೀರು ಬಂದದ್ದನ್ನು ನೋಡುವವರಂತೆ.

ಡಿಸ್ಕನ್ನು ಜೋಪಾನ ಮಾಡಿದವಳು ನಾನೇ. ಕಂಪ್ಯೂಟರನ್ನು ಕೇಳಿ, ಅದು ತೆಗೆಯಬಹುದು ಎಂದ ಮೇಲೆಯೇ ವೈರು ಕೀಳುತ್ತಿದ್ದೆ. ಚಪ್ಪಲಿ ಡಬ್ಬದಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಕೂಡಿಸಿ, ಅವುಗಳ ಜೊತೆ ಅಮ್ಮನ ಸ್ಟೀಲ್ ಡಬ್ಬಿಯಲ್ಲಿಡುತ್ತಿದ್ದೆ. ತಿಂಗಳಿಗೊಮ್ಮೆ ಒಂದೊಂದೇ ಫೋಲ್ಡರ್ ತೆರೆದು, ಎಲ್ಲ ಓಡುತ್ತದೆಯೇ ಎಂದು ನೋಡುತ್ತಿದ್ದೆ. ಮಾಡದೆ ಉಳಿದದ್ದು ಒಂದೇ, ಇನ್ನೊಂದು ಡಿಸ್ಕಿಗೆ ನಕಲು. “ದಸರಾ ಕಳೀಲಿ, ತರೋಣ,” ಎಂದಿದ್ದರು ಅಪ್ಪ. ಹೂಂ ಎಂದಿದ್ದೆ.

ದಾವೂದ್ ಸಾಬರ ವಿಷಯ ಹೇಳಬೇಕು. ಪೇಟೆಯಲ್ಲಿ ಟೈಲರ್, ಅಪ್ಪನ ಹಳೆಯ ಗೆಳೆಯ. ಅವರ ಹೆಂಡತಿ ಜಹೀರುನ್ನೀಸಾ ತೀರಿಕೊಂಡು ಮೂರು ವರ್ಷ. ಆಕೆ ಫೋಟೋ ಎಂದರೆ ಓಡುವವರು. ಉಳಿದಿದ್ದುದು ಆಧಾರ್ ಕಾರ್ಡಿನ ಮುಖ ಮಾತ್ರ, ಅದು ಯಾರನ್ನೂ ಹೋಲುವುದಿಲ್ಲ. ಹೋದ ವರ್ಷ, ಅಜ್ಜಂಪುರದ ವಿಮಲಮ್ಮನವರ ಮಗಳ ಮದುವೆಯ ಕ್ಯಾಸೆಟ್ಟು ಹತ್ತಿಸುತ್ತಿದ್ದಾಗ ಆಕೆ ಸಿಕ್ಕಿಬಿಟ್ಟರು. ಛತ್ರದ ಹಿಂದಿನ ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹುಡುಗಿಯ ಕುಪ್ಪಸಕ್ಕೆ ಹುಕ್ಕು ಹಾಕುತ್ತಿದ್ದಾರೆ. ಹಲ್ಲಲ್ಲಿ ದಾರ ಕಡಿದು ತಲೆ ಎತ್ತುತ್ತಾರೆ. “ಆ ಕಡೆ ಹಿಡಿ ಮಲ್ಲಣ್ಣ, ಮದುವೆ ನಂದಲ್ಲ ಕಣಪ್ಪ,” ಎಂದು ನಕ್ಕು ಸೆರಗು ಎಳೆದುಕೊಳ್ಳುತ್ತಾರೆ. ಅಷ್ಟೇ, ಹನ್ನೊಂದು ಸೆಕೆಂಡು.

ಅಂದಿನಿಂದ ಶುಕ್ರವಾರದ ನಮಾಜು ಮುಗಿಸಿದ ದಾವೂದ್ ಸಾಬರು ನೇರ ನಮ್ಮ ಮನೆಗೆ. “ಹಾಕಮ್ಮ, ನಮ್ಮೋರ್ನ ನೋಡಣ,” ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವರು. ಮೂರು ಸಲ ನೋಡುವರು. ಮೂರಕ್ಕೆ ಹೆಚ್ಚಿಲ್ಲ.

“ನಿನ್ನ ಜನ್ಮದಲ್ಲಿ ಒಂದೇ ಒಂದು ಒಳ್ಳೆ ಕೆಲಸ ಮಾಡ್ದೆ ಮಲ್ಲಣ್ಣ. ಅವ್ಳ ಮಾತು ಕೇಳ್ಲಿಲ್ಲ.”

“ನೀನು ಮಾತ್ರ ಕೇಳ್ತಿದ್ಯೇನೋ ಭಾರಿ,” ಅನ್ನುವರು ಅಪ್ಪ.

“ಕೇಳಿದ್ರೆ ನಾನು ಟೈಲರ್ರಾಗಿ ಯಾಕಿರ್ತಿದ್ದೆ, ಬಟ್ಟೆ ಅಂಗಡಿ ಇಟ್ಟಿರ್ತಿದ್ದೆ.”

ಫೋನಿಗೆ ಹಾಕಿಕೊಡುತ್ತೇನೆ ಚಾಚಾ, ಮನೆಯಲ್ಲೇ ನೋಡಬಹುದು ಎಂದು ಒಮ್ಮೆ ನಾನೇ ಮೆಲ್ಲಗೆ ಹೇಳಿದ್ದೆ. ಬೇಡವೆಂದರು. “ಯಾವಾಗ್ಲೂ ನೋಡ್ತಿದ್ರೆ ಸವೆದೋಗ್ಬಿಡ್ತಾಳೆ ಬೇಟಾ. ಇಲ್ಲೇ ಇರ್ಲಿ.”

ಆಯುಧಪೂಜೆಯ ದಿನ ನಮ್ಮಲ್ಲಿ ಯಾವ ಯಂತ್ರವೂ ದುಡಿಯಬಾರದು. ಕ್ಯಾಮೆರಾ, ಸ್ಟ್ಯಾಂಡು, ಲೈಟು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕೋಣೆಯ ಮೇನ್ ಸ್ವಿಚ್ಚನ್ನು ಅಪ್ಪ ತಾವೇ ಕೆಳಗೆಳೆಯುತ್ತಾರೆ, ಮಾರನೆಯ ದಿನದವರೆಗೂ ಯಾರೂ ಮುಟ್ಟುವಂತಿಲ್ಲ. “ಒಂಬತ್ತಕ್ಕೆ ಪೂಜೆ, ಅಷ್ಟರೊಳಗೆ ನಿನ್ನದು ಮುಗಿಸ್ಕೊ,” ಎಂದು ಹಿಂದಿನ ದಿನವೇ ಹೇಳಿದ್ದರು. ಕೊನೆಯ ನಾಲ್ಕು ಮದುವೆಗಳು ಡಿಸ್ಕಿಗೆ ಹೋಗುತ್ತಿದ್ದವು. ಒಂಬತ್ತು ಗಂಟೆಗೆ ಇನ್ನೂ ಹದಿನೇಳು ನಿಮಿಷ ಬೇಕೆಂದು ತೋರಿಸುತ್ತಿತ್ತು. ಅಪ್ಪ ಮಡಿಯುಟ್ಟು, ತೀರ್ಥದ ಬಟ್ಟಲು ಹಿಡಿದು ಬಂದರು. ಹಿಂದೆ ಅಮ್ಮ, ಬೂದುಕುಂಬಳಕಾಯಿ ಹಿಡಿದು.

ತಡೀರಿ ಅಪ್ಪ, ಇನ್ನು ಹದಿನೇಳು ನಿಮಿಷ. ಇಷ್ಟು ಹೇಳಿದ್ದರೆ ಅಪ್ಪ ನಿಲ್ಲುತ್ತಿದ್ದರು. ತೀರ್ಥದ ಬಟ್ಟಲು ಹಿಡಿದವರನ್ನು ತಡೆಯುವುದು ಹೇಗೆ, ಅಮ್ಮ ಏನೆನ್ನುತ್ತಾಳೋ ಎಂದುಕೊಳ್ಳುವಷ್ಟರಲ್ಲಿ ಸ್ವಿಚ್ಚು ಕೆಳಗಿತ್ತು. ಡಿಸ್ಕಿನ ನೀಲಿ ದೀಪ ಆರಿತು. ಅಪ್ಪ ಅದರ ಬೆನ್ನಿಗೆ ಮೂರು ಬೆರಳ ವಿಭೂತಿ ಎಳೆದು, ತೀರ್ಥ ಚಿಮುಕಿಸಿ ಕೈಮುಗಿದರು.

ವಿಜಯದಶಮಿಯ ಬೆಳಗ್ಗೆ ಡಿಸ್ಕ್ ಹಾಕಿದೆ. ನಡುವೆಯೇ ಕರೆಂಟು ಹೋದದ್ದಕ್ಕಿರಬೇಕು, ಅದು ತೆರೆಯಲಿಲ್ಲ. ಪರದೆಯ ಮೇಲೊಂದು ಚೌಕ ಬಂತು. ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತಿತ್ತು. ಫಾರ್ಮ್ಯಾಟ್ ಎಂದರೆ ಅಳಿಸುವುದು ಎಂದು ನನಗೆ ಗೊತ್ತಿತ್ತು. ಎರಡು ವರ್ಷ ಅದೇ ಡಿಸ್ಕಿನ ಮುಂದೆ ಕೂತವಳು, ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಯಾರು ಏನು ಕೇಳಿದರೂ ಹೂಂ ಎಂದು ಬದುಕಿದವಳು ನಾನು. ಕೇಳಿದವರು ಬೇಗ ಸುಮ್ಮನಾಗಲಿ ಎಂಬುದೊಂದೇ ನನಗೆ. ಕಂಪ್ಯೂಟರಿಗೂ ಹೂಂ ಎಂದೆ. ಅರೆನಿಮಿಷದಲ್ಲಿ ಎಲ್ಲ ಚೊಕ್ಕಟವಾಯಿತು. ನೀಲಿ ಪಟ್ಟಿ ಬರಿದಾಗಿ ನಿಂತಿತು.

ಆಗಲೂ ಎದ್ದು ಹೋಗಿ ಹೇಳಬಹುದಿತ್ತು. ನಾನು ಮಾಡಿದ್ದೇ ಬೇರೆ. ಅಪ್ಪ ಬಂದು ಪಟ್ಟಿ ನೋಡಿಬಿಟ್ಟರೆ ಎಂದು ಹೆದರಿ, ನನ್ನ ಕಾಲೇಜಿನ ನೋಟ್ಸು, ಉಳಿಸಿಕೊಂಡಿದ್ದ ಧಾರಾವಾಹಿ, ಹಾಡು, ಕೈಗೆ ಸಿಕ್ಕಿದ್ದನ್ನೆಲ್ಲ ಡಿಸ್ಕಿಗೆ ಸುರಿಯತೊಡಗಿದೆ. ಪಟ್ಟಿ ಸ್ವಲ್ಪವಾದರೂ ಏರಲಿ, ನಾಲ್ಕು ದಿನ ದೂಡಿದರೆ ಸಾಕು. ಅದು ಕಾಲುಭಾಗ ಏರಿರಬಹುದು, ಹಿಂದೆ ಅಪ್ಪನ ಹೆಜ್ಜೆ ಕೇಳಿತು. ವೈರು ಕಿತ್ತುಬಿಟ್ಟೆ.

ಅಪ್ಪ ನನ್ನ ಮುಖ ನೋಡಿದರು, ಡಿಸ್ಕ್ ನೋಡಿದರು. ವೈರು ಸಿಕ್ಕಿಸುವ ಬಾಯಿಯ ಹತ್ತಿರ ವಿಭೂತಿ ಒಣಗಿ ಹೆಪ್ಪುಗಟ್ಟಿತ್ತು.

“ನೀರು ಹೋಗ್ಬಿಡ್ತೇನವ್ವ ಒಳಗೆ?”

“ಹೂಂ.”

“ನನ್ನ ಕೈಯಾರೆ.”

ಅದಕ್ಕೆ ನಾನು ಹೂಂ ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಮಧ್ಯಾಹ್ನ ಫೋನಿನಲ್ಲಿ ಹುಡುಕಿ ಓದಿದೆ. ಫಾರ್ಮ್ಯಾಟ್ ಆದರೂ ಒಳಗಿನದು ತಕ್ಷಣ ಹೋಗುವುದಿಲ್ಲವಂತೆ, ವಿಳಾಸ ಮಾತ್ರ ಅಳಿಯುತ್ತದಂತೆ. ಅದರ ಮೇಲೆ ಬೇರೇನನ್ನೂ ಬರೆಯದಿದ್ದರೆ ತೆಗೆಯಲು ಬರುತ್ತದಂತೆ. ಯಾವ ಧಾರಾವಾಹಿಯ ಯಾವ ಕಂತು ಜಹೀರುನ್ನೀಸಾ ಅವರ ಮೇಲೆ ಹೋಗಿ ಕೂತಿದೆಯೋ.

ಶುಕ್ರವಾರ ದಾವೂದ್ ಸಾಬರು ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ.

“ಏನ್ ಮಲ್ಲಣ್ಣ, ಒಳಗೆ ಬಿಡಲ್ವಾ? ಹಬ್ಬದ ಹೋಳಿಗೆ ಮುಗ್ದೋಯ್ತಾ?”

“ದಾವೂದು, ನಿನ್ನ ಮುಂದೆ ತಲೆ ಎತ್ತೋ ಹಂಗಿಲ್ಲ ಕಣಪ್ಪ.”

ಅಪ್ಪ ಹೇಳಿದರು. ಸ್ವಿಚ್ಚು ಎಳೆದದ್ದು, ತೀರ್ಥ ಚಿಮುಕಿಸಿದ್ದು, ಎಲ್ಲ. ಸಾಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕತ್ತಲಾಗಿದ್ದ ಪರದೆಯನ್ನೇ ನೋಡಿದರು. ತಲೆಯ ಟೋಪಿ ತೆಗೆದು, ಮಡಿಸಿ, ಮತ್ತೆ ಬಿಡಿಸಿದರು.

“ದೇವರ ನೀರು ತಾನೆ,” ಎಂದರು ಕಡೆಗೆ. “ಅದರಲ್ಲಿ ಹೋದ್ಲು ಅಂದ್ಕೋತೀನಿ ಬಿಡು.”

ಆ ಮಾತು ಅಪ್ಪನನ್ನು ಮುರಿದುಹಾಕಿತು. ಮಾರನೆಯ ಬೆಳಗ್ಗೆ ಅಪ್ಪ ಲಿಂಗಪೂಜೆಗೆ ಕೂತದ್ದು ಕಂಡಿತು. ಪೂಜೆ ಮುಗಿಸಿ ಮನೆಯ ಮೂಲೆಮೂಲೆಗೂ ತೀರ್ಥ ಚಿಮುಕಿಸುವುದು ಅವರ ರೂಢಿ. ಅಂದು ಬಟ್ಟಲು ಹಿಡಿದು ಎದ್ದವರು ಸ್ಟುಡಿಯೋ ಕೋಣೆಯ ಹೊಸಿಲಲ್ಲಿ ನಿಂತರು. ಒದ್ದೆ ಬೆರಳುಗಳನ್ನು ನೋಡಿಕೊಂಡು ಪಂಚೆಗೆ ಒರೆಸಿಕೊಂಡರು. “ಯಾಕ್ರೀ?” ಎಂದಳು ಅಮ್ಮ. ಅಪ್ಪ ಬಟ್ಟಲನ್ನು ಹೊಸಿಲ ಪಕ್ಕದಲ್ಲೇ ಇಟ್ಟುಬಿಟ್ಟರು.

ಅಷ್ಟರಲ್ಲಿ ದಾವೂದ್ ಸಾಬರೇ ಬಂದರು. ಕಡೂರಿನಲ್ಲಿ ಅವರ ಅಕ್ಕನ ಮಗ ಆಸಿಮ್ ಕಂಪ್ಯೂಟರ್ ರಿಪೇರಿ ಮಾಡುತ್ತಾನಂತೆ. “ಸತ್ತೋರ್ನೇ ಎಬ್ಬಿಸ್ತಾನೆ ಅಂತ ನಮ್ಮಕ್ಕ ಕೊಚ್ಕೋತಾಳೆ. ನೋಡೇಬಿಡಣ, ನಡೀ,” ಎಂದರು. ನಗಿಸಲೆಂದೇ ಹೇಳಿದ್ದು. ಅಪ್ಪ ನಗಲಿಲ್ಲ.

ಬಸ್ಸಿನಲ್ಲಿ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು, “ತಿಂಡಿನಾ ಮಗ, ಅಷ್ಟು ಗಟ್ಟಿ ಹಿಡ್ಕೊಂಡಿದ್ದೀಯ?” ಎಂದಳು. ಹೂಂ ಎಂದೆ. ಬೀರೂರು ದಾಟುವಷ್ಟರಲ್ಲಿ ನಾಲ್ಕು ಸಲ ಅಪ್ಪನ ಕಡೆ ತಿರುಗಿದೆ. ನಾಲ್ಕು ಸಲವೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಕ್ಯಾಮೆರಾ ಹೊತ್ತ ಹೆಗಲು ಒಂದು ಕಡೆ ಇಳಿದಿತ್ತು. ಈ ಹೆಗಲ ಮೇಲೆ ನಾನು ಇನ್ನೊಂದು ಭಾರ ಇಟ್ಟಿದ್ದೇನೆ ಎನ್ನಿಸಿತು. ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿಕೊಂಡೆ.

ಆಸಿಮ್‌ನ ಅಂಗಡಿ ಮಹಡಿ ಮೇಲಿನ ಸಣ್ಣ ಕೋಣೆ. ಬಿಚ್ಚಿಟ್ಟ ಯಂತ್ರಗಳ ನಡುವೆ ಮೂವರಿಗೂ ಸ್ಟೂಲು ಹಾಕಿದ. ಮೂವತ್ತರ ಹತ್ತಿರದ, ಮೃದು ಮಾತಿನ ಮನುಷ್ಯ. ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ.

“ಏನಾಯ್ತು ಅಂತ ಸರಿಯಾಗಿ ಹೇಳಿ ಅಂಕಲ್. ಅದರ ಮೇಲೇ ಎಲ್ಲ.”

ಅಪ್ಪ ಹೇಳಿದರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟು.

“ನೀರು ಹೋಗಿದ್ರೆ ಕರೆಂಟ್ ಕೊಡಂಗಿಲ್ಲ. ಕೊಟ್ರೆ ಸುಟ್ಟೋಗುತ್ತೆ,” ಎಂದ ಆಸಿಮ್. “ಒಳಗಿನ ಮುಚ್ಚಳ ಬಿಚ್ಚಿ ನೋಡ್ಬೇಕು. ನಿಜ ಹೇಳ್ತೀನಿ, ನಮ್ಮ ಧೂಳಲ್ಲಿ ಬಿಚ್ಚಿದ್ದು ಮತ್ತೆ ಓದೋದು ಡೌಟು. ಬೇರೆ ದಾರಿ ಇಲ್ಲ ಅಂತ ಮಾಡೋದು.”

“ಬಿಚ್ಚದೆ ಆಗಲ್ವೇನಪ್ಪ?” ಎಂದರು ಸಾಬರು.

“ಬರೀ ಅಳಿಸೋಗಿದ್ರೆ ಬಿಚ್ಚೋದೇ ಬೇಕಿಲ್ಲ ಮಾಮೂ, ಹಂಗೇ ಕೆದಕಿ ತೆಗೀಬೋದು. ಅದೂ ಮೇಲೆ ಬೇರೆ ಏನೂ ತುಂಬಿಲ್ದಿದ್ರೆ. ತುಂಬಿದ್ದ ಜಾಗ ಹೋದಂಗೇ ಲೆಕ್ಕ. ಇದು ನೀರಿಂದಲ್ವಾ.”

ಹೊರಗಿನ ಪ್ಲಾಸ್ಟಿಕ್ ಕವಚ ಟಪ್ಪೆಂದು ಬಿಟ್ಟುಕೊಂಡಿತು. ಅದರೊಳಗೆ ತೇವವಿಲ್ಲದ, ಹೊಳೆಯುವ ತಗಡು. ನೀರಿನ ಒಂದು ಕಲೆಯೂ ಇರಲಿಲ್ಲ. ಆಸಿಮ್ ಹುಬ್ಬು ಗಂಟಿಕ್ಕಿದ, ಆದರೂ ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡ. ಅದರ ತುದಿ ಮೊದಲ ಸ್ಕ್ರೂವಿನಲ್ಲಿ ಕೂತಿತು. ಅಪ್ಪ ಕಣ್ಣು ಮುಚ್ಚಿಕೊಂಡರು. ದಾವೂದ್ ಸಾಬರು ಅಪ್ಪನ ಮೊಣಕಾಲ ಮೇಲೆ ಕೈ ಇಟ್ಟು, “ನಿನ್ನ ತಪ್ಪಲ್ಲ ಬಿಡು ಮಲ್ಲಣ್ಣ. ಅವ್ಳೇ ಹೇಳಿದ್ಲಲ್ಲ, ಆ ಕಡೆ ಹಿಡಿ ಅಂತ,” ಎಂದರು.

ಸ್ಕ್ರೂ ಕಾಲು ಸುತ್ತು ತಿರುಗಿತು.

“ಬಿಚ್ಚಬೇಡಿ,” ಎಂದೆ. ದನಿ ಅಷ್ಟು ಸಣ್ಣಗಿತ್ತೆಂದರೆ ಆಸಿಮ್‌ಗೆ ಕೇಳಿಸಲೇ ಇಲ್ಲ. ಎದ್ದು ನಿಂತೆ, ಸ್ಟೂಲು ಹಿಂದೆ ಉರುಳಿತು. ಮೂವರೂ ತಿರುಗಿ ನೋಡಿದರು. ಅಪ್ಪನ ಮುಖ ನೋಡಿದರೆ ಹೇಳಲಾಗುವುದಿಲ್ಲವೆಂದು ದಾವೂದ್ ಸಾಬರ ಕೈಯನ್ನು ನೋಡಿದೆ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳಿದ್ದವು.

“ನೀರು ಹೋಗಿಲ್ಲ ಅಪ್ಪ. ಅಳಿಸಿದ್ದು ನಾನು. ಆಮೇಲೆ ನಿಮಗೆ ಗೊತ್ತಾಗಬಾರದು ಅಂತ ಅದರ ಮೇಲೆ ನನ್ನದನ್ನ ತುಂಬಿದ್ದೂ ನಾನೇ.”