ಕೂಲಿಯವನ ಬೊಂಬೆಗೊಂದು ಕೋಣೆ

ಪ್ಲಾಟ್‌ಫಾರಂ ಕೊನೆಯಲ್ಲಿ, ಶೌಚಾಲಯದ ಗೋಡೆಗೆ ಆತುಕೊಂಡು ನಮ್ಮ ಕೂಲಿಗಳ ಕೋಣೆ ಇತ್ತು. ಸೋರುವ ತಗಡು, ಒಂದು ನೀರಿನ ಕೊಡ, ಕಾಲು ಚಾಚಿದರೆ ಇನ್ನೊಬ್ಬರ ತಲೆಗೆ ತಾಗುವಷ್ಟು ಜಾಗ. ಮೂಟೆ ಹೊತ್ತು ಕತ್ತು ಹಿಡಿದುಕೊಂಡವರು ಅಲ್ಲೇ ಮಲಗಬೇಕು. ಹೆಂಗಸರು ಅಲ್ಲೇ ಬಟ್ಟೆ ಬದಲಿಸಬೇಕು. ನನ್ನ ಮಗಳಿಗೆ ಹಾಲೂಡಿಸಿದ್ದೂ ಅಲ್ಲೇ.

ಸ್ಟೇಷನ್ನಿಗೆ ನೂರು ವರ್ಷ ತುಂಬಿತು. ಮೊದಲು ಇದು ಹಾಲಿನ ಕ್ಯಾನು ಹತ್ತಿಸಲು ರೈಲು ನಿಲ್ಲುತ್ತಿದ್ದ ಮಣ್ಣಿನ ದಿಬ್ಬವಂತೆ. ಆಮೇಲೆ ಗಿರಣಿ ಬಂತು, ಮನೆಗಳು ಬಂದವು. ಅವುಗಳ ಇಟ್ಟಿಗೆಯೆಲ್ಲ ಯಾರ ತಲೆಯ ಮೇಲೆ ಬಂತು ಎಂಬುದು ಸ್ಟೇಷನ್ ಮಾಸ್ತರಿಗೂ ಕೊನೆಗೆ ಹೊಳೆಯಿತು.

"ಇತಿಹಾಸದಲ್ಲಿ ನಿಮಗೂ ಜಾಗ ಕೊಡ್ತೀವಮ್ಮ. ಕೂಲಿಯವನ ಕಲ್ಲಿನ ಬೊಂಬೆ ಬರ್ತಿದೆ."

"ಎಲ್ಲಿಡ್ತೀರಿ ಸಾರ್?"

"ನಿಮ್ಮ ಕೋಣೇಲೇ. ಸೂರು ಬದಲಾಯಿಸಿ ಫ್ಯಾನ್ ಹಾಕಿಸ್ತೀವಿ."

"ಮತ್ತೆ ನಾವು?"

"ನೀವು ಕಿಟಕಿಯಿಂದ ನೋಡಬಹುದು. ನಿಮಗೆ ಟಿಕೆಟ್ ಕೇಳಲ್ಲ."

ಕೊಡ ಹೊರಗೆ ಬಿತ್ತು, ಬಾಗಿಲಿಗೆ ಬೀಗ ಬಿತ್ತು. ಖಾಲಿ ಕೋಣೆಯೊಳಗೆ ಹೊಸ ಫ್ಯಾನು ತಿರುಗುತ್ತಿತ್ತು. ನಮ್ಮೆಲ್ಲರಿಗೂ ಹಿರಿಯನಾದ ದೊಡ್ಡಪ್ಪ ಕಿಟಕಿಯಲ್ಲಿ ಇಣುಕಿ, "ಕಲ್ಲಿಗೂ ಸೆಕೆ ಆಗುತ್ತೆ ಕಣಮ್ಮ. ನಮಗೆ ಗೊತ್ತೇ ಇರಲಿಲ್ಲ ನೋಡು," ಎಂದ.

ಮಂತ್ರಿಗಳು ಬರುವ ದಿನವೇ ಬೊಂಬೆ ರೈಲಿನಲ್ಲಿ ಬಂದಿಳಿಯಿತು. "ಬೇಗ ಹೊರ್ರೋ!" ಎಂದು ಕೂಗಿ ಮಾಸ್ತರು ಫೋನಿಗೆಂದು ತಮ್ಮ ಕೋಣೆಗೆ ಓಡಿದರು.

ನಮ್ಮಲ್ಲೊಂದು ಕಟ್ಟಳೆ ಇದೆ. ಹೊತ್ತ ಹೊರೆಯನ್ನು ಸೇರಬೇಕಾದ ಜಾಗದಲ್ಲೇ ಇಳಿಸಬೇಕು. ನಡುವೆ ಇಳಿಸಿದವನಿಗೆ ಮತ್ತೆ ಯಾರೂ ಹೆಗಲು ಕೊಡುವುದಿಲ್ಲ. ಜೀವಮಾನವೆಲ್ಲ ಅದನ್ನು ಪಾಲಿಸಿದ ದೊಡ್ಡಪ್ಪ ಅಂದು ಮಾಸ್ತರ ಬಾಗಿಲೆದುರು ನಿಂತು, "ಇಳಿಸ್ರಪ್ಪಾ," ಎಂದ.

ಇಳಿಸಿದೆವು. ಬೊಂಬೆ ಅಡ್ಡ ನಿಂತು ಬಾಗಿಲು ಮುಚ್ಚಿಹೋಯಿತು. ಕಿಟಕಿಗೆ ಸರಳು. ಮಾಸ್ತರು ಒಳಗೆ.

"ಏಯ್! ಎತ್ರೋ! ಮಂತ್ರಿಗಳು ಬರ್ತಾರೆ!"

"ಎತ್ತೋಣ ಸಾರ್," ಎಂದೆ. "ನಮ್ಮ ಕೋಣೆ ಬೀಗದ ಕೈ ಕೊಡಿ."

"ಕೊಬ್ಬಾ? ಎಲ್ಲರನ್ನೂ ಮನೆಗೆ ಕಳಿಸ್ತೀನಿ!"

"ಕಳಿಸಿ ಸಾರ್. ಇದನ್ನ ಸರಿಸೋರು ಯಾರು? ಮಂತ್ರಿಗಳಾ?"

ದೂರದಲ್ಲಿ ರೈಲು ಕೂಗಿತು. ಬೊಂಬೆಯ ಕಂಕುಳ ಸಂದಿಯಿಂದ ಮಾಸ್ತರ ಕೈ ಹೊರಬಂತು. ಮೊದಲು ಬೆರಳಾಡಿಸಿ ಹೆದರಿಸಿತು. ರೈಲು ಇನ್ನೊಮ್ಮೆ ಕೂಗಿದ ಮೇಲೆ ಒಳಗೆ ಹೋಗಿ ಬೀಗದ ಕೈ ಹಿಡಿದುಕೊಂಡು ಬಂತು.

ದೊಡ್ಡಪ್ಪ ಅದನ್ನು ನನ್ನ ಕೈಗಿತ್ತ.

"ಈಗ ಎತ್ರಪ್ಪಾ. ಪ್ಲಾಟ್‌ಫಾರಂ ನಡುವೆ ನಿಲ್ಲಿಸಿ. ನಮ್ಮೋನು ಅಂದ್ಮೇಲೆ ಅವನೂ ಸ್ವಲ್ಪ ಬಿಸಿಲು ತಿನ್ನಲಿ."