ಅತ್ತವರ ಜೇಬಿನಲ್ಲಿ

ನಾನು ಒಂದು ಕರವಸ್ತ್ರ. ಕರ್ಚೀಫು ಅಂದರೂ ನನಗೇನೂ ಬೇಸರವಿಲ್ಲ. ಅಂಗಡಿಯ ಸರಕಂತೂ ಅಲ್ಲ. ಬಿಳಿ ಜುಬ್ಬಾ ಹೊಲಿದು ಉಳಿದ ಬಟ್ಟೆಯ ಅಂಚು ಮಡಿಸಿ ಖೈರುನ್ನೀಸಾ ನನ್ನನ್ನು ಹೊಲಿದಳು. ಜುಬ್ಬಾ ಅವಳ ಮನೆ ಮಾಲೀಕರದು. ಮೈಸೂರಿನ ನರಹರಿ ಮೇಷ್ಟ್ರು, ಕಾಲೇಜಿನಿಂದ ನಿವೃತ್ತರಾದವರು. ಅವರ ಹಿತ್ತಲಿನ ಎರಡು ಕೋಣೆಗಳಲ್ಲಿ ಅವಳೂ ಅವಳ ಮಗಳೂ ಬಾಡಿಗೆಗಿದ್ದರು. "ಇದು ನನ್ ಕಡೆಯಿಂದ ಸಾರ್" ಎಂದು ಜುಬ್ಬಾದ ಮೇಲೆ ನನ್ನನ್ನಿಟ್ಟು ಕೊಟ್ಟಳು. ಅಂದಿನಿಂದ ಮೇಷ್ಟ್ರ ಜೇಬೇ ನನ್ನ ಮನೆ.

ಒಂದು ಭಾನುವಾರ ಅವರು ಫಿಲಂ ಸೊಸೈಟಿಯ ಸಿನಿಮಾಕ್ಕೆ ಹೋದರು. ಹಿಟ್ಲರನ ಕಾಲದ ಕಥೆ. ಯೆಹೂದಿಗಳೆಂಬ ಒಂದೇ ಕಾರಣಕ್ಕೆ ಜನರನ್ನು ರೈಲಿಗೆ ತುಂಬಿ ಕೊಲ್ಲಲು ಒಯ್ಯುತ್ತಿದ್ದಾರೆ. ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಪಕ್ಕದ ಮನೆಯ ಬಾಗಿಲು ಬಡಿಯುತ್ತಾಳೆ. ಒಳಗಿನವನು ದೀಪ ಆರಿಸಿ ಸುಮ್ಮನೆ ಕೂರುತ್ತಾನೆ. ಅಬ್ಬಾ, ಮೇಷ್ಟ್ರು ಅತ್ತದ್ದೇ ಅತ್ತದ್ದು! ನಾನು ತೊಯ್ದು ತೊಪ್ಪೆಯಾದೆ. ಅರ್ಧ ಸಿನಿಮಾವನ್ನು ಅವರ ಕಣ್ಣಿಗಂಟಿಕೊಂಡು ಬರೀ ಕೇಳಿದೆ.

ಸಿನಿಮಾ ಮುಗಿದ ಮೇಲೆ ಚರ್ಚೆ ನಡೆಸುವುದು ಅಲ್ಲಿನ ರೂಢಿ. ಮೇಷ್ಟ್ರು ಎದ್ದು ನಿಂತರು. "ಕೊಂದವರಿಗಿಂತ, ಆ ಬಾಗಿಲು ತೆಗೀದೇ ಇದ್ದನಲ್ಲ, ಅವನೇ ನನ್ನನ್ನ ಕಾಡ್ತಾನೆ. ನಾವು ಅವನಾಗಬಾರದು" ಅಂದರು. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ಖೈರುನ್ನೀಸಾಳಿಗೂ ಕಥೆ ಹೇಳಿ ಅದೇ ಮಾತಾಡಿದರು. ಅವಳೂ ಕಣ್ಣು ತುಂಬಿಕೊಂಡಳು. ಎಂಥ ಮನುಷ್ಯನ ಜೇಬು ಸಿಕ್ಕಿತು ಎಂದು ನಾನು ಬೀಗಿದೆ.

ತಿಂಗಳು ಕಳೆದಿರಲಿಲ್ಲ. ಊರಿನಲ್ಲಿ ಇನ್ನೆಲ್ಲೋ ಕೋಮು ಗಲಾಟೆಯಾಯಿತು. ನಮ್ಮ ಬೀದಿಯವರು ಸಭೆ ಸೇರಿ, ಸಾಬರಿಗೆ ಮನೆ ಕೊಟ್ಟವರು ಕೂಡಲೇ ಬಿಡಿಸಬೇಕು ಎಂದು ತೀರ್ಮಾನಿಸಿದರು. ಮೇಷ್ಟ್ರೂ ಅಲ್ಲೇ ಇದ್ದರು. ನನ್ನನ್ನು ಮುಷ್ಟಿಯಲ್ಲಿ ಹಿಂಡುತ್ತಾ ಕೂತರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಖೈರುನ್ನೀಸಾ ಬಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ನಂಬಿಕೆ ಇತ್ತು. "ಸಾರ್, ನೀವೊಂದ್ ಮಾತು ಹೇಳಿದ್ರೆ ಅವ್ರೆಲ್ಲಾ ಸುಮ್ಮನಾಗ್ತಾರೆ. ಮಗಳ ಪರೀಕ್ಷೆ ಮುಗಿಯೋವರ್ಗೂ ಇರ್ತೀವಿ, ಅಷ್ಟೇ. ನೀವೇ ಹೇಳಿದ್ರಲ್ಲ ಸಾರ್, ಆ ಸಿನಿಮಾದ್ದು..."

"ಅದು ಸಿನಿಮಾ ಕಣಮ್ಮ" ಅಂದರು ಮೇಷ್ಟ್ರು. "ನಂದೇನೂ ಅಭ್ಯಂತರ ಇಲ್ಲ. ಆದ್ರೆ ಈ ಬೀದೀಲಿ ನಾನೂ ಬದುಕ್ಬೇಕಲ್ವಾ?" ನನ್ನಿಂದ ಹಣೆಯ ಬೆವರು ಒರೆಸಿಕೊಂಡರು.

ಅವಳು ಹೋಗಿ ಸಾಮಾನು ಕಟ್ಟಿದಳು. ಹೊಲಿಗೆ ಮೆಷಿನ್ನು ಗೂಡ್ಸ್ ಆಟೋ ಹತ್ತಿತು. ಮಗಳು ಪುಸ್ತಕದ ಚೀಲ ತಬ್ಬಿಕೊಂಡು ಅದರ ಪಕ್ಕ ಕೂತಳು. ಮೇಷ್ಟ್ರು ಹೊರಗೆ ಬರಲೇ ಇಲ್ಲ. ಆಟೋ ಸದ್ದು ದೂರವಾದ ಮೇಲೆ ಹೆಂಡತಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು. "ಪಾಪ ಕಣೇ, ಕರುಳು ಕಿತ್ತು ಬರ್ತಿದೆ ನಂಗೆ!" ಹತ್ತಿಬಟ್ಟೆ ನಾನು, ಬೇಡವೆನ್ನಲಾರೆ; ಹೀರಿಕೊಂಡೆ. ಕಣ್ಣೀರು ನಿಜದ್ದೇ. ಸಿನಿಮಾದ ದಿನದ್ದೂ ನಿಜದ್ದೇ. ನನ್ನ ಹೊಟ್ಟೆ ಉರಿಸುವುದು ಅದೇ. ಸುಳ್ಳಾಗಿದ್ದರೆ ನಾನು ಮೋಸಹೋಗುತ್ತಲೇ ಇರಲಿಲ್ಲ.

ಈಗ ನಾನು ಸ್ಕೂಟರ್ ಒರೆಸುವ ಬಟ್ಟೆ. ಹಿತ್ತಲ ತಂತಿಯ ಮೇಲೆ ಬಿದ್ದಿರುತ್ತೇನೆ. ಮೊನ್ನೆ ಮೇಷ್ಟ್ರ ಹೊಸ ಕರ್ಚೀಫನ್ನು ಒಗೆದು ನನ್ನ ಪಕ್ಕ ಒಣಹಾಕಿದರು. ಇನ್ನೂ ಎಳೆಯದು, ಅದಕ್ಕೆ ಲೋಕ ಗೊತ್ತಿಲ್ಲ. "ನಮ್ಮ ಮೇಷ್ಟ್ರದ್ದು ಬೆಣ್ಣೆಯಂಥ ಮನಸ್ಸು, ಅಲ್ವಾ?" ಅಂದಿತು.

"ಹೌದಪ್ಪ" ಅಂದೆ. "ಖೈರುನ್ನೀಸಾಳೂ ಹಾಗೇ ಅಂದುಕೊಂಡಿದ್ದಳು."