ಸೊಟ್ಟ ಕ್ಯಾರೆಟ್ಟಿಗೆ ಎಷ್ಟು ಪರ್ಸೆಂಟು

ಮೈಕಾಸುರ ಎಂದು ಅವನಿಗೆ ಹೆಸರಿಟ್ಟವಳು ಅಕ್ಕ. ತಮ್ಮನ ಬಾಯಿಗೆ ಸ್ವಿಚ್ಚು ಎಲ್ಲಿದೆ ಎಂದು ಹದಿನೆಂಟು ವರ್ಷ ಹುಡುಕಿ, ಸಿಗದೆ, ಕೈಚೆಲ್ಲಿ ಕೂತು ಇಟ್ಟ ಹೆಸರದು. ಹಾಲು ತರಲು ಕಳಿಸಿದರೆ ಅಂಗಡಿಯವನ ಮುಂದೆ ಕ್ಲೈಮ್ಯಾಕ್ಸು, ಗಣಿತದಲ್ಲಿ ಡುಮ್ಕಿ ಹೊಡೆದರೆ ಅಪ್ಪನ ಮುಂದೆ ಕೋರ್ಟ್ ಸೀನು. ಅಂಥವನು ಸಮುದ್ರ ದಾಟಿ ಹೋಗಿ ಕೃಷಿ, ಆಹಾರ ಮತ್ತು ಪರಿಸರ ನೀತಿಯ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಕೋರ್ಸಿನ ಹೆಸರು ಉದ್ದ ಇದೆ ಅಂತಾನೇ ಸೇರ್ಕೊಂಡ್ಯಾ? ಹೇಳ್ತಾ ಹೇಳ್ತಾ ಟೈಂ ಪಾಸ್ ಆಗುತ್ತೆ ಅಂತ?"

ಓದು ಮಾತ್ರ ಅವನಿಗೆ ಹಿಡಿಸಿಬಿಟ್ಟಿತು. ಗೋಧಿಯ ಬೆಲೆ ಏರಿದರೆ ಯಾರ ತಟ್ಟೆಯಿಂದ ಏನು ಇಳಿಯುತ್ತದೆ, ಗೊಬ್ಬರಕ್ಕೆ ಸಬ್ಸಿಡಿ ಕೊಟ್ಟರೆ ಹತ್ತು ಮೈಲಿ ಆಚೆಯ ಕೆರೆಯಲ್ಲಿ ಮೀನು ಯಾಕೆ ಸಾಯುತ್ತದೆ, ಹೀಗೆ ಪ್ರತಿ ಪಾಠಕ್ಕೂ ಒಬ್ಬ ವಿಲನ್ನು, ಒಂದು ಟ್ವಿಸ್ಟು. ಎಷ್ಟೋ ಸಲ ವಿಲನ್ನು ಒಳ್ಳೆಯ ಉದ್ದೇಶದ ಸರ್ಕಾರಿ ಆದೇಶವೇ ಆಗಿರುತ್ತಿತ್ತು. ಮೂರನೇ ಮಹಡಿಯ ತನ್ನ ಕೋಣೆಯಲ್ಲಿ, ಮಂಚ ಮೇಜು ಎರಡೂ ಒಂದಕ್ಕೊಂದು ಹಣೆ ತಾಗಿಸಿಕೊಂಡಿದ್ದ ಆ ಬೆಂಕಿಪೊಟ್ಟಣದಲ್ಲಿ, ಅವನು ಮಜವಾಗಿ ಓದಿಕೊಂಡಿದ್ದ.

ಕಷ್ಟ ಶುರುವಾದದ್ದು ಪ್ರಬಂಧದ ಪ್ರಯೋಗದಲ್ಲಿ. ವಿಷಯ ಸರಳ. ಹೊಲದಲ್ಲಿ ಬೆಳೆದ ಕ್ಯಾರೆಟ್ಟಿನಲ್ಲಿ ಸುಮಾರಷ್ಟು ಸೊಟ್ಟ, ಕವಲು, ಗಂಟು. ರುಚಿಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ, ಆದರೆ ದೊಡ್ಡ ಅಂಗಡಿಯವರು ಅಂಥದ್ದನ್ನು ಮುಟ್ಟುವುದಿಲ್ಲ, ಅದು ಹೊಲದಲ್ಲೇ ಕೊಳೆಯುತ್ತದೆ. ಬೆಲೆಯನ್ನು ಎಷ್ಟು ಪರ್ಸೆಂಟು ಇಳಿಸಿದರೆ ಜನ ನೇರ ಕ್ಯಾರೆಟ್ಟು ಬಿಟ್ಟು ಸೊಟ್ಟದ್ದನ್ನು ಎತ್ತಿಕೊಳ್ಳುತ್ತಾರೆ? ಇದಕ್ಕೆ ಉತ್ತರ ಸಿಕ್ಕರೆ ಸೊಟ್ಟದ್ದನ್ನು ದೂರವಿಡುವ ಪೇಟೆಯ ನಿಯಮ ಬದಲಿಸಬೇಕೋ ಬೇಡವೋ ಎಂದು ಕೃಷಿ ಇಲಾಖೆಗೆ ಸಲಹೆ ಕೊಡಬಹುದು. ಆ ಸಲಹೆ ಬರೆಯುವ ಕಚೇರಿಯಲ್ಲೇ ಮೈಕಾಸುರನಿಗೆ ಕೆಲಸವೂ ಸಿಕ್ಕಿತ್ತು, ಪ್ರಬಂಧ ಹೊತ್ತಿಗೆ ಸರಿಯಾಗಿ ಮುಗಿದರೆ ಎಂಬ ಷರತ್ತಿನ ಮೇಲೆ. ತಪ್ಪಿದರೆ ಇನ್ನೊಂದು ಆರು ತಿಂಗಳು ಓದು, ಕೆಲಸ ಬೇರೆಯವರ ಪಾಲು.

ಆ ಊರಿನಲ್ಲಿ ಶನಿವಾರ ಸೇರುವ ಎರಡು ಸಂತೆಗಳಲ್ಲಿ ಒಂದೊಂದು ಮೇಜು. ಪಾರ್ಕಿನ ಪಕ್ಕದ್ದು ಮೈಕಾಸುರನದು. ರೈಲ್ವೆ ಸ್ಟೇಷನ್ ಹಿಂದಿನದು ಅವನ ಸಹಪಾಠಿಯದು. ಅವಳು ಇನ್ಯಾವುದೋ ದೇಶದ ಹುಡುಗಿ. ವಾರಕ್ಕೆ ಒಂಬತ್ತು ಮಾತಾಡಿದರೆ ಹಬ್ಬ, ಆದ್ದರಿಂದ ಅವನು ಅವಳಿಗೆ ಗಪ್‌ಚುಪ್ ಎಂದು ಹೆಸರಿಟ್ಟಿದ್ದ. ಒಂದೇ ಹೊಲದ ಕ್ಯಾರೆಟ್ಟು, ಒಂದು ಕ್ರೇಟಿನಲ್ಲಿ ನೇರ, ಪಕ್ಕದಲ್ಲಿ ಸೊಟ್ಟ. ಗಂಟೆಗೊಮ್ಮೆ ಲಕೋಟೆಯಿಂದ ಚೀಟಿ ಎತ್ತಿ ಸೊಟ್ಟದ ಬೆಲೆ ಬದಲಿಸಬೇಕು, ಎಷ್ಟು ಕಿಲೋ ಹೋಯಿತೆಂದು ಬರೆದುಕೊಳ್ಳಬೇಕು, ಅಷ್ಟೇ. ಮಾರುವವರು ಆಡಬಹುದಾದ ಮಾತು ನಾಲ್ಕೇ ನಾಲ್ಕು ಎಂದು ಗೈಡ್ ಮೇಡಂ ರಟ್ಟಿನ ಮೇಲೆ ಅಚ್ಚು ಹಾಕಿಸಿ ಕೊಟ್ಟಿದ್ದರು: ನಮಸ್ಕಾರ. ಎರಡೂ ಒಂದೇ ಹೊಲದ್ದು. ಬೆಲೆ ಚೀಟಿಯಲ್ಲಿದೆ. ಧನ್ಯವಾದ.

ಮೈಕಾಸುರನ ಬಾಯಿಗೆ ನಾಲ್ಕು ವಾಕ್ಯವೆಂದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮೊದಲ ಶನಿವಾರ ಅರ್ಧ ಗಂಟೆ ತಡೆದುಕೊಂಡ. ಆಮೇಲೆ, ನಿವೃತ್ತ ಬಸ್ ಡ್ರೈವರ್ ತಾತ ಒಬ್ಬರು ಬಂದು ಎರಡು ಕವಲಿನ ಕ್ಯಾರೆಟ್ಟು ಎತ್ತಿ ಮೂಗು ಮುರಿದರು.

"ಏನಪ್ಪಾ ಇದು, ಇದಕ್ಕೆ ಎರಡು ಕಾಲಿದೆ?"

"ಅದಕ್ಕೇ ಹೇಳ್ತಿರೋದು ತಾತ, ಓಡಿಹೋಗೋಕೆ ಮುಂಚೆ ಹಿಡ್ಕೊಳ್ಳಿ."

ತಾತ ನಕ್ಕರು. ಒಂದು ಕಿಲೋ ಕೊಂಡರು. ಅಣೆಕಟ್ಟಿಗೆ ಬಿರುಕು ಬಿದ್ದ ಮೇಲೆ ಕೇಳಬೇಕೆ. "ನೇರ ಇರೋದು ಸ್ಕೇಲು ಮೇಡಂ, ಊಟಕ್ಕೆ ಸ್ಕೇಲ್ ತಿಂತೀರಾ?" "ಈ ಗಂಟಿನವನು ಕಷ್ಟಪಟ್ಟು ಕಲ್ಲು ಸರಿಸಿ ಬೆಳೆದೋನು ಸಾರ್. ಆ ನೇರದವನು ಅಪ್ಪನ ದುಡ್ಡಲ್ಲಿ ಬೆಳೆದೋನು." ಆ ಊರಿನ ಭಾಷೆಯನ್ನು ಅವನು ಹರಕು ಮುರುಕಾಗಿ ಆಡುತ್ತಿದ್ದ. ಆದರೆ ಕೈ ಬೀಸುವ ಸ್ಟೈಲು, ಹುಬ್ಬು ಏರಿಸುವ ಗತ್ತು, ಕೊನೆಯ ಶಬ್ದಕ್ಕೆ ಮುಂಚೆ ಕೊಡುವ ಆ ಒಂದು ಗ್ಯಾಪು, ಇವಕ್ಕೆ ವ್ಯಾಕರಣ ಬೇಕಿಲ್ಲವಲ್ಲ. ಮೇಜಿನ ಮುಂದೆ ಜನ ನಿಂತರು. ಸೊಟ್ಟದ ಕ್ರೇಟು ಖಾಲಿ.

ನಾಲ್ಕು ಶನಿವಾರ ಇದೇ ಹಾಡು. ಲೆಕ್ಕ ಹಾಕಿ ನೋಡಿದರೆ ಪಾರ್ಕಿನ ಸಂತೆಯಲ್ಲಿ ಹತ್ತು ಪರ್ಸೆಂಟು ಇಳಿಸಿದರೆ ಸಾಕು, ಜನ ಸೊಟ್ಟಕ್ಕೆ ಮುಗಿಬೀಳುತ್ತಾರೆ. ಗಪ್‌ಚುಪ್‌ಳ ಸಂತೆಯಲ್ಲಿ ಮೂವತ್ತು ಇಳಿಸಿದರೂ ತಿಣುಕಾಟ. ಇಷ್ಟು ವ್ಯತ್ಯಾಸ ಯಾಕೆ? ಮೈಕಾಸುರ ತಲೆ ಓಡಿಸಿ, ಪಾರ್ಕಿನಲ್ಲಿ ಓಡಾಡುವವರಿಗೆ ಪ್ರಕೃತಿಯ ಮೇಲೆ ಪ್ರೀತಿ ಹೆಚ್ಚು, ಆದ್ದರಿಂದ ಸೊಟ್ಟವೂ ಅವರಿಗೆ ಸೊಗಸು ಎಂದು ಹನ್ನೆರಡು ಪುಟದ ಅಧ್ಯಾಯವನ್ನೇ ಬರೆದ. ತಾನು ಮೇಜಿನ ಹಿಂದೆ ನಿಂತು ಏನು ಮಾಡುತ್ತಿದ್ದೇನೆ ಎಂಬುದು ಅವನ ತಲೆಗೇ ಹೋಗಲಿಲ್ಲ. ಮೀನು ನೀರನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ? ಅವನಿಗೆ ಅದು ಮಾತಾಡಿದ ಹಾಗೇ ಅನ್ನಿಸಿರಲಿಲ್ಲ.

ಕ್ಯಾರೆಟ್ಟು ತರುತ್ತಿದ್ದ ಬೆಳೆಗಾರ್ತಿ ಅಂತೂ ಖುಷಿಯಲ್ಲಿದ್ದಳು. ಐವತ್ತರ ಆಸುಪಾಸಿನ, ವ್ಯಾನಿನ ಬಾಗಿಲನ್ನು ಸೊಂಟದಿಂದಲೇ ಮುಚ್ಚುವ ಹೆಂಗಸು. "ಹತ್ತು ಪರ್ಸೆಂಟ್ ಅಂದ್ರೆ ನನಗೆ ಗಿಟ್ಟುತ್ತೆ ಕಣಪ್ಪ. ಬರೋ ಸಲ ಬಂಡೆ ಪಕ್ಕದ ಆ ಕಲ್ಲು ಹೊಲಾನೂ ಬಿತ್ತಿಬಿಡ್ತೀನಿ. ಅಲ್ಲಿ ಬರೀ ಸೊಟ್ಟನೇ ಬರೋದು. ನೀನು ಹೇಳ್ದೆ ಅಂತ ಬಿತ್ತೋದು, ನೋಡು ಮತ್ತೆ."

"ನನ್ನ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ, ಅಕ್ಕ," ಎಂದು ಮೈಕಾಸುರ ಎದೆ ತಟ್ಟಿಕೊಂಡ.

ಐದನೇ ಶನಿವಾರ ಬೆಳಿಗ್ಗೆ ಎದ್ದರೆ ಗಂಟಲೇ ಇಲ್ಲ. ನೆಗಡಿ ಹಿಡಿದು ಧ್ವನಿ ಪೂರ್ತಿ ಬಂದ್. ಬಾಯಿ ತೆರೆದರೆ ಪಂಕ್ಚರ್ ಆದ ಟ್ಯೂಬಿನ ಹಾಗೆ ಬರೀ ಗಾಳಿ. ಸರಿ, ನಾಲ್ಕು ವಾಕ್ಯದ ರಟ್ಟನ್ನೇ ಮೇಜಿಗೆ ಒರಗಿಸಿ ನಿಂತ. ಜನ ಬಂದರು, ನೋಡಿದರು, ನೇರ ಕ್ಯಾರೆಟ್ಟು ತೂಗಿಸಿಕೊಂಡು ಹೋದರು. ಹತ್ತು ಪರ್ಸೆಂಟು ಇಳಿಸಿದ. ಯಾರೂ ತಿರುಗಿ ನೋಡಲಿಲ್ಲ. ಇಪ್ಪತ್ತು. ಊಹೂಂ. ಮೂವತ್ತರ ಚೀಟಿ ಬಂದಾಗ ಒಂದಿಷ್ಟು ಕೈಗಳು ಮುಂದೆ ಬಂದವು.

ಬಸ್ ಡ್ರೈವರ್ ತಾತ ಬಂದು ಹತ್ತು ನಿಮಿಷ ಕಾದರು. "ಇವತ್ತು ಶೋ ಇಲ್ವಾ?"

ಮೈಕಾಸುರ ಗಂಟಲು ಮುಟ್ಟಿ ತೋರಿಸಿದ.

"ಹಾಗಾದ್ರೆ ಮುಂದಿನ ವಾರ ತಗೋತೀನಿ ಬಿಡು," ಎಂದರು ತಾತ. "ನಿಜ ಹೇಳ್ಬೇಕು ಅಂದ್ರೆ ನನಗೆ ಕ್ಯಾರೆಟ್ ಸೇರಲ್ಲ. ನಾಲ್ಕು ವಾರದಿಂದ ಒಯ್ದಿದ್ದೆಲ್ಲ ಎದುರು ಮನೆಯವರ ಮೊಲ ತಿಂದಿದೆ."

ತಾತ ಹೋದರು. ಮೈಕಾಸುರ ಮೂರು ಕ್ರೇಟು ಸೊಟ್ಟ ಕ್ಯಾರೆಟ್ಟಿನ ಮಧ್ಯೆ ನಿಂತೇ ಇದ್ದ. ನಾಲ್ಕು ವಾರದ ಲೆಕ್ಕದ ಹಾಳೆ ತೆಗೆದು, ಅದರಲ್ಲಿ ಮೊಲದ ಪಾಲು ಎಷ್ಟು ಕಿಲೋ ಎಂದು ಎಣಿಸತೊಡಗಿದ.

ಮರುದಿನ ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯಲ್ಲಿ ಗಪ್‌ಚುಪ್ ಸಿಕ್ಕಳು. ಅಷ್ಟರಲ್ಲಿ ಅವನಿಗೆ ಪಿಸುಮಾತಿನಷ್ಟು ಧ್ವನಿ ಬಂದಿತ್ತು, ಒಂದು ಐಡಿಯಾವೂ ಬಂದಿತ್ತು. "ಸಂಶೋಧಕನಿಗೆ ಹುಷಾರಿರಲಿಲ್ಲ ಅಂತ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿ, ಐದನೇ ಶನಿವಾರಾನೇ ತೆಗೆದುಬಿಟ್ರೆ? ಸುಳ್ಳೇನಲ್ಲ. ನಿಜವಾಗ್ಲೂ ಹುಷಾರಿರಲಿಲ್ಲ."

ಗಪ್‌ಚುಪ್ ತಟ್ಟೆ ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು. ಜೋಡಿಸಿ ಇಟ್ಟಳು. "ರಟ್ಟಲ್ಲಿ ಎಷ್ಟು ವಾಕ್ಯ ಇತ್ತು?"

"ನಾಲ್ಕು."

"ನೀನು ಹೇಳಿದ್ದು?"

ಆ ವಾರದ ಕೋಟಾ ಅಲ್ಲಿಗೆ ಮುಗಿಯಿತೇನೋ, ಗಪ್‌ಚುಪ್ ತನ್ನ ಪಾಡಿಗೆ ಹೊರಟುಹೋದಳು.

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತ. ಅಡಿಟಿಪ್ಪಣಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರಬಂಧ ಪಾಸು, ಕೆಲಸ ಗ್ಯಾರಂಟಿ. ಮೊದಲ ತಿಂಗಳಲ್ಲೇ ಆ ಹತ್ತು ಪರ್ಸೆಂಟು ಅವನದೇ ಕೈಯಿಂದ ಇಲಾಖೆಯ ಸಲಹೆಯೊಳಕ್ಕೆ ಹೋಗುತ್ತದೆ. ಆಮೇಲೆ ಬೆಳೆಗಾರ್ತಿ ಕಲ್ಲು ಹೊಲ ಬಿತ್ತುತ್ತಾಳೆ. ಸುಗ್ಗಿಗೆ ಕ್ರೇಟುಗಟ್ಟಲೆ ಸೊಟ್ಟ ಕ್ಯಾರೆಟ್ಟು ಪೇಟೆಗೆ ಬರುತ್ತದೆ. ಅಲ್ಲಿ ಹುಬ್ಬು ಏರಿಸುವುದಕ್ಕೆ ಮೈಕಾಸುರ ಇರುವುದಿಲ್ಲ. ಪ್ರತಿ ತಕ್ಕಡಿಯ ಹಿಂದೆ ತನ್ನಂಥ ಒಬ್ಬನನ್ನು ನಿಲ್ಲಿಸಿ ಎಂದು ಯಾವ ಸರ್ಕಾರಕ್ಕೆ ಸಲಹೆ ಕೊಡುವುದು? ಇಂಥವನು ಒಬ್ಬನೇ ಸಾಕು ಎಂದು ಅಕ್ಕ ಆಗಾಗ ದೇವರಿಗೆ ಕೈ ಮುಗಿಯುತ್ತಿದ್ದದ್ದು ನೆನಪಾಗಿ, ಆ ಸಂಕಟದಲ್ಲೂ ಅವನಿಗೆ ನಗು ಬಂತು.

ಸೋಮವಾರ ಬೆಳಿಗ್ಗೆ ಗೈಡ್ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದ. ಸ್ಕೇಲಿನ ಡೈಲಾಗು, ಅಪ್ಪನ ದುಡ್ಡಿನ ಡೈಲಾಗು, ಮೊಲ, ಒಂದನ್ನೂ ಬಿಡಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಬೆಲೆ ಬದಲಾದ್ರೆ ಏನಾಗುತ್ತೆ ಅಂತ ನೋಡೋಕೆ ಕಳಿಸಿದ್ದು ನಿನ್ನ. ನೀನು ಬೆಲೆನೇ ಮೂಲೆಗೆ ಕೂರಿಸಿ ನಾಟಕ ಆಡಿದೀಯ."

"ಹೌದು ಮೇಡಂ."

"ನಾಲ್ಕು ಶನಿವಾರ ಕಸದ ಬುಟ್ಟಿಗೆ. ಹನ್ನೆರಡು ಪುಟಾನೂ ಕಸದ ಬುಟ್ಟಿಗೆ." ಮೇಡಂ ಕ್ಯಾಲೆಂಡರ್ ಎಳೆದುಕೊಂಡರು. "ಅದು ಹೇಗಿದ್ರೂ ಚೆನ್ನಾಗಿರಲಿಲ್ಲ. ಗಂಟಲು ಹೋದ ಶನಿವಾರ ಒಂದು ಉಳಿಯುತ್ತೆ. ಸಲ್ಲಿಸೋಕೆ ಮುಂಚೆ ಇನ್ನೆರಡು ಶನಿವಾರ ಇದೆ. ಮೂರು ಸಿಕ್ರೆ ಅಂಕಿ ತೆಳ್ಳಗೆ ಇರುತ್ತೆ, ಆದ್ರೆ ನಿಲ್ಲುತ್ತೆ."

"ಅಂದ್ರೆ ಹೊತ್ತಿಗೆ ಸರಿಯಾಗಿ ಮುಗಿಯುತ್ತಾ?"

"ನೀನು ಬಾಯಿ ಮುಚ್ಕೊಂಡಿದ್ರೆ. ಒಂದು ಮಾತು ಜಾಸ್ತಿ ಆಡಿದ್ರೂ ಬಂದು ಹೇಳ್ಬೇಕು, ಆಮೇಲೆ ಆರು ತಿಂಗಳು ಇಲ್ಲೇ ಕೂತ್ಕೋಬೇಕು. ನೀನು ಬಂದು ಹೇಳ್ತೀಯ ಅಂತ ನನಗೆ ಇವತ್ತು ಗೊತ್ತಾಯ್ತು, ಅದಕ್ಕೆ ಬಿಡ್ತಿದೀನಿ. ಹೊರಡು."

ಶನಿವಾರದ ಹೊತ್ತಿಗೆ ಗಂಟಲು ಗಂಟೆಯ ಹಾಗೆ ಮೊಳಗತೊಡಗಿತ್ತು. ಪಾಪಿ ಗಂಟಲು, ಬೇಕಾದಾಗ ಕೈಕೊಡುತ್ತದೆ, ಬೇಡವಾದಾಗ ಓಡಿ ಬರುತ್ತದೆ. ಕ್ರೇಟು ಇಳಿಸಲು ಬಂದ ಬೆಳೆಗಾರ್ತಿಗೆ ಅವನು ಸಂತೆ ಶುರುವಾಗುವ ಮೊದಲೇ ವಿಷಯ ಹೇಳಿಬಿಟ್ಟ.

"ಅಂದ್ರೆ ಇಷ್ಟು ದಿನ ಖರ್ಚಾಗಿದ್ದು ನನ್ನ ಕ್ಯಾರೆಟ್ ಅಲ್ಲ," ಎಂದಳು ಅವಳು. "ನೀನು."

"ಕ್ಷಮಿಸಿ ಅಕ್ಕ. ಮೂವತ್ತರ ಹತ್ರ ಬರುತ್ತೆ ಅನ್ಸುತ್ತೆ."

"ಮೂವತ್ತಕ್ಕೆ ಗಿಟ್ಟಲ್ಲ." ಅವಳು ಸೊಂಟದಿಂದ ಬಾಗಿಲು ಮುಚ್ಚಿದಳು. "ಕಲ್ಲು ಹೊಲಕ್ಕೆ ಕುರಿ ಬಿಡ್ತೀನಿ ಬಿಡು. ಬಿತ್ತಿದ ಮೇಲೆ ಹೇಳಿದ್ದಿದ್ರೆ ಕ್ಯಾರೆಟ್ ಸಾಲಲ್ಲೇ ನಿನ್ನೂ ಹೂಳ್ತಿದ್ದೆ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಎಲ್ಲಿ, ಇವತ್ತು ಹೇಗೆ ಸುಮ್ನಿರ್ತೀಯೋ ನೋಡೋಣ."

ಅದು ಯಾರೂ ನೋಡಬಾರದ ದೃಶ್ಯ. ಮಾತು ಎದೆಯಿಂದ ಎದ್ದು ಗಂಟಲಿಗೆ ಬಂದು, ಹಲ್ಲಿನ ಬಾಗಿಲು ಬಡಿದು, ವಾಪಸು ಹೋಗುತ್ತಿತ್ತು. ನಮಸ್ಕಾರ. ಎರಡೂ ಒಂದೇ ಹೊಲದ್ದು. ಬಸ್ ಡ್ರೈವರ್ ತಾತ ಬಂದು ಎದುರಿಗೇ ನಿಂತರು.

"ಗಂಟಲು ಸರಿಹೋಯ್ತಲ್ಲ. ಬಿಡು ಮತ್ತೆ ಒಂದು."

"ಬೆಲೆ ಚೀಟಿಯಲ್ಲಿದೆ."

"ಯಾಕಪ್ಪ, ಹುಡುಗಿ ಕೈಕೊಟ್ಲಾ?"

"ಎರಡೂ ಒಂದೇ ಹೊಲದ್ದು."

"ಓ, ಇಬ್ರು ಹುಡುಗೀರಾ?" ಎಂದರು ತಾತ.

ಪಕ್ಕದ ಈರುಳ್ಳಿ ಅಂಗಡಿಯವನು ಬಿದ್ದು ಬಿದ್ದು ನಕ್ಕ. ತಾತ ಕ್ರೇಟಿಗೆ ಕೈ ಹಾಕಿ ಒಂದು ಕ್ಯಾರೆಟ್ಟು ಹೊರತೆಗೆದರು. ಎರಡು ಕಾಲು, ಒಂದು ಕೈ, ಸೊಂಟದಲ್ಲೊಂದು ಬಳುಕು, ಸಾಕ್ಷಾತ್ ಐಟಂ ಸಾಂಗಿನ ಮಧ್ಯೆ ಕರೆಂಟು ಹೋಗಿ ನಿಂತ ನರ್ತಕಿಯ ಹಾಗಿತ್ತು ಅದು. ತಾತ ಅದನ್ನು ಮೈಕಾಸುರನ ಮೂಗಿನ ಮುಂದೆ ಹಿಡಿದು ಕುಣಿಸಿದರು. ಅವನ ಬಾಯಿ ತೆರೆಯಿತು. ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಬೇರೆ ದಾರಿ ಕಾಣದೆ ಅವನು ಆ ಕ್ಯಾರೆಟ್ಟನ್ನೇ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡ. ಕಾಲು ಕೈ ಸೊಂಟ ಸಮೇತ ಜಗಿದು ನುಂಗಿದ. ನುಂಗಿ ಮುಗಿಯುವಷ್ಟರಲ್ಲಿ ಡೈಲಾಗು ಹಳಸಿತ್ತು.

"ಧನ್ಯವಾದ," ಎಂದ.

ಆಮೇಲೆ ಹಾಳೆ ತೆಗೆದು ಪ್ರಾಮಾಣಿಕವಾಗಿ ಬರೆದ: ಸೊಟ್ಟ, ಒಂದು, ಸಂಶೋಧಕನೇ ತಿಂದಿದ್ದಾನೆ.

ಎರಡನೇ ಶನಿವಾರವೂ ಹಾಗೇ ದಾಟಿತು. ಮೂರು ಶನಿವಾರದ ಲೆಕ್ಕ ಸೇರಿಸಿದಾಗ ಪಾರ್ಕಿನ ಸಂತೆಗೆ ಬಂದದ್ದು ಇಪ್ಪತ್ತೆಂಟು ಪರ್ಸೆಂಟು, ಸ್ಟೇಷನ್ ಹಿಂದಿನದಕ್ಕೆ ಮೂವತ್ತು. ಊರೆಲ್ಲ ಒಂದೇ ಜನ. ಹನ್ನೆರಡು ಪುಟ ಹೋದ ಜಾಗದಲ್ಲಿ ಒಂದೂವರೆ ಪುಟ ಕೂತಿತು. ಗಡುವಿಗೆ ಎರಡು ದಿನ ಇರುವಾಗಲೇ ಮೇಡಂ ಸಹಿ ಹಾಕಿದರು.

ಅದೇ ಸಂಜೆ, ಇನ್ನೂ ಬಿಸಿಲಿರುವಾಗ, ಅವನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿ ಕಥೆಯೆಲ್ಲ ಹೇಳಿದ. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ನಡುವೆ ಒಂದು ಸಲ ಅಕ್ಕಿ ತೊಳೆದು ಇಟ್ಟು ಬಂದಳು.

"ಕೆಲಸ ಸಿಕ್ತಲ್ಲ, ಅದನ್ನ ನಂಬ್ತೀನಿ," ಎಂದಳು ಕೊನೆಗೆ. "ಆದ್ರೆ ನೀನು ಎರಡು ಶನಿವಾರ ಬಾಯಿ ಮುಚ್ಕೊಂಡಿದ್ದೆ ಅನ್ನೋದಕ್ಕೆ ಸಾಕ್ಷಿ ಏನು?"

ಮೈಕಾಸುರ ಹಿಂದೆ ತಿರುಗಿ ನೋಡಿದ. ಬಾಗಿಲ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟದ್ದು ಅವನ ಎದೆಯೆತ್ತರಕ್ಕೆ ಬಂದಿತ್ತು.

"ಐದು ಕ್ರೇಟ್ ಸೊಟ್ಟದ್ದು ಮಿಕ್ಕಿದೆ ಅಕ್ಕ," ಎಂದ.